ಒಡ್ಡು ಹಾಕಿಸುವವರು ದಸರೆಗೇ ಎದ್ದು ಹೊರಡಬೇಕು

ಯುಗಾದಿ ಮುಗಿದು ಬಿಸಿಲು ನೆತ್ತಿ ಸುಡತೊಡಗಿದಾಗ ನಮ್ಮ ಕಡೆಯವರಿಗೆ ಹೊಲದ ನೀರು, ಮಣ್ಣು ತಡೆಯುವ ಒಡ್ಡಿನ ನೆನಪಾಗುತ್ತದೆ. ಹೊಲ ಖಾಲಿ, ಕೈಯೂ ಖಾಲಿ. ಉದ್ಯೋಗ ಖಾತರಿಯಲ್ಲಿ ಬದು ಹಾಕಿಸೋಣವೆಂದು ಪಹಣಿ ಹಿಡಿದು ಪಂಚಾಯಿತಿಗೆ ಹೋಗುತ್ತಾರೆ. "ಈ ವರ್ಷದ ಕ್ರಿಯಾ ಯೋಜನೆಯಲ್ಲಿ ನಿಮ್ಮ ಸರ್ವೆ ನಂಬರ್ ಇಲ್ಲ" ಎನ್ನಿಸಿಕೊಂಡು ಬರುತ್ತಾರೆ. ಮುಂದಿನ ಯುಗಾದಿಗೆ ಮತ್ತೆ ಅದೇ ಕಥೆ. ಹೊಲದ ವರ್ಷಕ್ಕೂ ಕಚೇರಿಯ ವರ್ಷಕ್ಕೂ ತಾಳೆಯಿಲ್ಲ. ಏಪ್ರಿಲ್‌ನಲ್ಲಿ ಮಣ್ಣು ಅಗೆಯಬೇಕೆಂದರೆ ಹಿಂದಿನ ಅಕ್ಟೋಬರ್‌ನಲ್ಲೇ ಹೆಸರು ಬರೆಸಿರಬೇಕು. ಇದನ್ನು ನನಗೆ ಯಾರಾದರೂ ಮೊದಲೇ ಕೂಡಿಸಿಕೊಂಡು ಹೇಳಿದ್ದರೆ ಎಷ್ಟೋ ಬಸ್ ಚಾರ್ಜು ಉಳಿಯುತ್ತಿತ್ತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಮ್ಮದು ಗದಗ ಜಿಲ್ಲೆಯ ಎರೆ (ಕಪ್ಪು ಮಣ್ಣಿನ) ಭಾಗ. ನಾಲ್ಕೂವರೆ ಎಕರೆ, ಪೂರ್ತಿ ಮಳೆಯಾಶ್ರಯ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ಹಸ್ತ, ಚಿತ್ತೆ ಚೆನ್ನಾಗಿ ಬಂದರೆ ಒಂದು ತುಂಡಿನಲ್ಲಿ ಬಿಳಿಜೋಳ. ಮನೆಯವರು ಗದಗದಲ್ಲಿ ಸರಕು ಗಾಡಿ ಓಡಿಸುತ್ತಾರೆ. ಹೊಲ, ದನ, ಅತ್ತೆ, ಕಚೇರಿ ಎಲ್ಲವೂ ನನ್ನ ಪಾಲು. ಎಲ್ಲಿಗೆ ಹೋದರೂ ಮೊದಲ ಪ್ರಶ್ನೆ ಒಂದೇ: "ಯಜಮಾನರು ಬಂದಿಲ್ಲವೇ?" ಕೊನೆಕೊನೆಗೆ ಬಾಗಿಲಲ್ಲೇ "ಯಜಮಾನರು ನಾನೇ, ಹೇಳಿರಿ" ಎಂದು ಶುರುಮಾಡುತ್ತಿದ್ದೆ.

2023ರ ಬರ ನೆನಪಿರಬಹುದು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಘೋಷಿಸಿತ್ತು. ಆ ವರ್ಷ ನಮ್ಮ ಹೊಲಕ್ಕೆ ಮಳೆ ಬರಲೇ ಇಲ್ಲ ಎನ್ನುವಂತಿಲ್ಲ. ಬಂದ ಎರಡು ಮೂರು ಜೋರು ಮಳೆ ಇಳಿಜಾರಿನಲ್ಲಿ ಓಡಿ ಹಳ್ಳ ಸೇರಿತು, ಹೋಗುವಾಗ ಮಣ್ಣನ್ನೂ ಒಯ್ದಿತು. ಒಂದು ಎಕರೆಯ ಮೇಲೆ ಒಂದು ಸೆಂಟಿಮೀಟರ್ ಮಳೆಯೆಂದರೆ ಸುಮಾರು 40 ಸಾವಿರ ಲೀಟರ್ ನೀರು. ಅದನ್ನು ನಿಲ್ಲಿಸಲು ನಮ್ಮಲ್ಲಿ ಇದ್ದದ್ದು ಮೊಣಕಾಲೆತ್ತರವೂ ಇಲ್ಲದ ಒಂದು ಹಳೆಯ ಒಡ್ಡಿನ ಗುರುತು ಮಾತ್ರ. ನಮ್ಮ ಭಾಗ ಮುಂಬೈ ಪ್ರಾಂತ್ಯದಲ್ಲಿದ್ದಾಗ, 1942ರ ಭೂ ಸುಧಾರಣಾ ಯೋಜನೆಗಳ ಕಾಯ್ದೆಯಡಿ ಧಾರವಾಡ, ವಿಜಾಪುರ ಜಿಲ್ಲೆಗಳಲ್ಲಿ ಸಮಪಾತಳಿ (ಒಂದೇ ಮಟ್ಟದ ಗೆರೆಯಲ್ಲಿ ಸಾಗುವ) ಒಡ್ಡುಗಳನ್ನು ಹಾಕಿದ್ದರು. ಅಂಥದ್ದೇ ಕಾಲದ್ದು ಇದು ಎಂದು ಹಿರಿಯರು ಹೇಳುತ್ತಾರೆ. ವರ್ಷಕ್ಕೊಂದು ಗೇಣು ರಂಟೆ (ನೇಗಿಲು) ಹೊಡೆದು ಹೊಡೆದು ಮೂರು ತಲೆಮಾರಿನಲ್ಲಿ ಅದನ್ನು ನೆಲಸಮ ಮಾಡಿದವರೂ ನಮ್ಮವರೇ.

ಮೊದಲ ಗೋಡೆ ಪಹಣಿ. ಮಾವನವರು ತೀರಿಕೊಂಡು ವರ್ಷಗಳಾಗಿದ್ದರೂ ಪಹಣಿಯಲ್ಲಿ ಅವರದೇ ಹೆಸರಿತ್ತು. ಯಾರೂ ತಕರಾರು ಮಾಡಿರಲಿಲ್ಲ, ಹಾಗಾಗಿ ಯಾರೂ ಬದಲಿಸಿರಲಿಲ್ಲ. 2024ರ ಆರಂಭದಲ್ಲಿ ಬರ ಪರಿಹಾರದ ಮೊದಲ ಕಂತು ಎಫ್‌ಐಡಿ (ಸರ್ಕಾರ ಕೊಡುವ ರೈತರ ಗುರುತಿನ ಸಂಖ್ಯೆ) ಇದ್ದ ರೈತರ ಖಾತೆಗೆ ಬಂದಾಗ ನಮಗೆ ಬಿಡಿಗಾಸು ಬರಲಿಲ್ಲ. ಆಗಲೇ ಬಿಸಿ ತಟ್ಟಿದ್ದು. ಪಹಣಿದಾರ ಬದುಕಿಲ್ಲದಿದ್ದರೆ ಎಫ್‌ಐಡಿ ಇಲ್ಲ. ಎಫ್‌ಐಡಿ ಇಲ್ಲದಿದ್ದರೆ ಕೃಷಿ ಇಲಾಖೆಯ ಲೆಕ್ಕದಲ್ಲಿ ನೀವು ರೈತರೇ ಅಲ್ಲ.

ಪೌತಿ ಖಾತೆಗೆ, ಎಂದರೆ ತೀರಿಕೊಂಡವರ ಪಹಣಿಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರೆಲ್ಲರ ಆಧಾರ್, ಅಫಿಡವಿಟ್ ಮಾಡಿಸಿದ ಛಾಪಾ ಕಾಗದ, ಇಷ್ಟನ್ನು ನಾಡಕಚೇರಿಗೆ ಕೊಡಬೇಕು. ಕೇಳಲು ಸುಲಭ. ವಾರಸುದಾರರೆಂದರೆ ಗಂಡುಮಕ್ಕಳು ಮಾತ್ರ ಎಂದು ಇನ್ನೂ ತಿಳಿದುಕೊಂಡಿರುವವರು ವಂಶವೃಕ್ಷದಲ್ಲಿಯೇ ಎಡವುತ್ತಾರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರೂ ಬರಲೇಬೇಕು. ನನ್ನ ಇಬ್ಬರು ನಾದಿನಿಯರಲ್ಲಿ ಹಿರಿಯವರು ಹುಬ್ಬಳ್ಳಿಯಲ್ಲಿದ್ದಾರೆ. ಕಾಗದ ಒಯ್ದಾಗ ಚಹಾ ಕೊಟ್ಟು, ಪೆನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ವೈನಿ, ಇದು ಹಕ್ಕು ಬಿಟ್ಟುಕೊಡುವ ಕಾಗದವಲ್ಲ ತಾನೇ?" ನನಗೆ ಕಣ್ಣು ತುಂಬಿತು. ಅವರ ತಪ್ಪೇನಿಲ್ಲ, ಸಹಿ ಮಾಡಿಸಿಕೊಂಡು ಮೋಸ ಮಾಡಿದ ಅಣ್ಣತಮ್ಮಂದಿರ ಕಥೆಗಳು ಪ್ರತಿ ಓಣಿಯಲ್ಲಿವೆ. ಪೌತಿಯಲ್ಲಿ ಎಲ್ಲರ ಹೆಸರೂ ಜಂಟಿಯಾಗಿ ಏರುತ್ತದೆ, ಯಾರ ಹಕ್ಕೂ ಹೋಗುವುದಿಲ್ಲ ಎಂದು ಒಂದೊಂದು ಸಾಲನ್ನೂ ಓದಿ ಹೇಳಿದೆ. ನೀವೂ ಓದಿ ಹೇಳಿ. ಅವಸರದಲ್ಲಿ "ಸುಮ್ಮನೆ ಒಂದು ಸಹಿ" ಎನ್ನಬೇಡಿ.

ಅಷ್ಟಾದ ಮೇಲೆ ಅತ್ತೆಯ ಹೆಸರಿನ ಪೇಚಾಟ. ಒಂದು ಕಾಗದದಲ್ಲಿ ಬಸವ್ವ, ಆಧಾರಿನಲ್ಲಿ ಬಸಮ್ಮ. ನಮ್ಮ ಊರಲ್ಲಿ ಎರಡೂ ಒಂದೇ. ಗಣಕಯಂತ್ರಕ್ಕೆ ಇಬ್ಬರು ಬೇರೆ ಬೇರೆ ಹೆಂಗಸರು. ಆಧಾರ್ ತಿದ್ದಿಸಿ ಮತ್ತೆ ಮೊದಲಿನಿಂದ ಸಾಲಿಗೆ ನಿಂತೆವು. ತಕರಾರು ಅವಧಿ ಮುಗಿದು ಹೊಸ ಪಹಣಿ ಕೈಗೆ ಬರುವಾಗ ಮುಂಗಾರಿ ಬಿತ್ತನೆ ಆಗಿತ್ತು. ಅಲ್ಲಿಂದ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಎಫ್‌ಐಡಿ ಮಾಡಿಸಿದ್ದು ಮಾತ್ರ ಒಂದೇ ಹೊತ್ತಿನ ಕೆಲಸ. ಜಂಟಿ ಖಾತೆಯವರು ಒಂದು ಮಾತು ನೆನಪಿಡಿ: ಮುಂದೆ ಪ್ರತಿ ಯೋಜನೆಗೂ ಉಳಿದ ಖಾತೆದಾರರ ಒಪ್ಪಿಗೆ ಪತ್ರ ಕೇಳುತ್ತಾರೆ. ನಾದಿನಿಯರು ಪಂಚಮಿಗೆ ತವರಿಗೆ ಬಂದಾಗಲೇ ಅದನ್ನೂ ಬರೆಸಿಟ್ಟುಕೊಂಡೆ.

ಅದೇ ಹೊತ್ತಿಗೆ ಕೃಷಿಭಾಗ್ಯ ಯೋಜನೆಯಲ್ಲಿ ಮಳೆನೀರು ಹಿಡಿಯುವ ಹೊಂಡಕ್ಕೂ ಅರ್ಜಿ ಹಾಕಿದೆ. 2014ರಲ್ಲಿ ಶುರುವಾಗಿ ನಡುವೆ ನಿಂತಿದ್ದ ಈ ಯೋಜನೆ 2023-24ರಲ್ಲಿ ಮತ್ತೆ ಜಾರಿಗೆ ಬಂದಿದೆ. ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟರಿಗೆ ಶೇ 90 ಸಹಾಯಧನ. ಸುತ್ತಲಿನ ತಂತಿ ಬೇಲಿಗೆ ಮಾತ್ರ ಶೇ 40 ಮತ್ತು ಶೇ 50. ಕನಿಷ್ಠ ಒಂದು ಎಕರೆ ಜಮೀನಿರಬೇಕು. ಅರ್ಜಿ ಕೊಟ್ಟ ಸ್ವೀಕೃತಿಯನ್ನು ಕೇಳಿ ಪಡೆಯಿರಿ, ಏಕೆಂದರೆ ಆಯ್ಕೆ ಅರ್ಜಿಯ ಜ್ಯೇಷ್ಠತೆಯ ಮೇಲೆ.

ಇನ್ನು ಗ್ರಾಮ ಸಭೆ. ಉದ್ಯೋಗ ಖಾತರಿಯ ಮುಂದಿನ ವರ್ಷದ ಕಾಮಗಾರಿಗಳ ಪಟ್ಟಿ ಸಿದ್ಧವಾಗುವುದು ಗಾಂಧಿ ಜಯಂತಿಯ ಆಸುಪಾಸಿನಲ್ಲಿ ಶುರುವಾಗುವ ವಾರ್ಡ್ ಸಭೆ, ಗ್ರಾಮ ಸಭೆಗಳಲ್ಲಿ. ನಾನು ಹೋದ ಸಭೆಯಲ್ಲಿ ವೇದಿಕೆಯ ಮೇಲೆ ಇದ್ದಷ್ಟೇ ಜನ ಕೆಳಗೂ ಇದ್ದರು. ಚರಂಡಿ, ಬೀದಿದೀಪ, ಮನೆ ಹಂಚಿಕೆ ಎಂದು ಗಲಾಟೆಯಾಗಿ ಹೊಲದ ವಿಷಯ ಬರುವಾಗ ಅರ್ಧ ಜನ ಎದ್ದು ಹೋಗಿದ್ದರು. ಬಾಯಿಮಾತಿನಲ್ಲಿ ಹೇಳಿದ್ದು ನಡಾವಳಿಗೆ ಏರುವುದಿಲ್ಲ. ಸರ್ವೆ ನಂಬರ್ ಬರೆದ ಅರ್ಜಿ ಕೊಡಿ, ನಡಾವಳಿ ಪುಸ್ತಕದಲ್ಲಿ ನಿಮ್ಮ ಸಾಲನ್ನು ಕಣ್ಣಾರೆ ನೋಡಿ, ಆಗುವುದಾದರೆ ಮೊಬೈಲ್‌ನಲ್ಲಿ ಚಿತ್ರ ತೆಗೆದುಕೊಳ್ಳಿ.

ನಾವು ಒಬ್ಬೊಬ್ಬರೇ ಕೇಳಲಿಲ್ಲ. ತಾಂತ್ರಿಕ ಸಹಾಯಕ ಹುಡುಗನೊಬ್ಬ ಒಳ್ಳೆಯ ಮಾತು ಹೇಳಿದ್ದ: "ಅಕ್ಕಾ, ನಡುವಿನ ಒಂದು ಹೊಲಕ್ಕೆ ಮಾತ್ರ ಒಡ್ಡು ಹಾಕಿದರೆ ಮೇಲಿನವರ ನೀರು ಬಂದು ಮೊದಲ ಮಳೆಗೇ ಒಡೆಯುತ್ತದೆ. ದಿಬ್ಬದಿಂದ ಹಳ್ಳದವರೆಗೆ ಸಾಲಾಗಿ ಕೇಳಿ." ಹಾಗೆ ದಿಬ್ಬದಿಂದ ಹಳ್ಳದವರೆಗಿನ ಹತ್ತು ಹನ್ನೆರಡು ಹೊಲ ಒಂದೇ ಕಾಮಗಾರಿಯಾಗಿ ಪಟ್ಟಿ ಸೇರಿದವು. ಜನವರಿಯಲ್ಲಿ ಸರ್ವೆಗೆ ಬಂದರು. ಉಪಕರಣ ಇಟ್ಟು ಇಳಿಜಾರು ಅಳೆದು ಸುಣ್ಣದ ಗೆರೆ ಎಳೆದಾಗಲೇ ಜಗಳ ಹುಟ್ಟಿದ್ದು.

ನಮ್ಮ ಹೊಲದ ಮೇಲುಗಡೆಯವರನ್ನು ನಾನು ಅಣ್ಣ ಎಂದೇ ಕರೆಯುತ್ತೇನೆ. ಅವರು ಗೆರೆಯ ಮೇಲೆ ನಿಂತುಬಿಟ್ಟರು. "ತಂಗೀ, ನನ್ನ ಹೊಲ ಕಡಿದು ನಿನ್ನ ಹೊಲಕ್ಕೆ ಗೋಡೆ ಕಟ್ಟಿಸುತ್ತೀಯೇನು?" ಎಂದರು. ಅವರ ಲೆಕ್ಕ ಸುಳ್ಳಾಗಿರಲಿಲ್ಲ. ಒಡ್ಡಿನ ಬುಡ ಆರಡಿ, ಉದ್ದ ಅವರ ಪಾಲಿಗೆ ಮುನ್ನೂರು ಅಡಿ. 1800 ಚದರಡಿ ಎಂದರೆ ಒಂದೂವರೆ ಗುಂಟೆಗಿಂತ ಹೆಚ್ಚು ನೆಲ ಹೋಗುತ್ತದೆ. ಮಣ್ಣು ತೆಗೆದ ಕಂದಕ ಬೇರೆ. ಅದಕ್ಕೆ ಪರಿಹಾರವೆಂದು ಯಾರೂ ಒಂದು ಪೈಸೆ ಕೊಡುವುದಿಲ್ಲ. ಅವರು ಸಹಿ ಹಾಕದಿದ್ದರೆ ಕೆಳಗಿನ ಎಲ್ಲರ ಕೆಲಸವೂ ನಿಂತಂತೆ.

ಊರ ಹಿರಿಯರನ್ನು ಕೂಡಿಸಿ ಒತ್ತಾಯ ಮಾಡೋಣ ಎಂದರು ಕೆಲವರು. ನನಗೆ ಅದು ಸರಿಕಾಣಲಿಲ್ಲ. ಒತ್ತಾಯಕ್ಕೆ ಹಾಕಿಸಿಕೊಂಡ ಒಡ್ಡನ್ನು ಮರುವರ್ಷ ರಂಟೆ ತಿನ್ನುತ್ತದೆ. ಬದಲಿಗೆ ಒಂದು ಮುಂಜಾನೆ ಅವರ ಜೊತೆ ಹೊಲದಲ್ಲಿ ಅಡ್ಡಾಡಿದೆ. ಅವರ ಹೊಲದ ಕೆಳಮೂಲೆಯಲ್ಲಿ ಕಪ್ಪು ಮಣ್ಣು ಕೊಚ್ಚಿಹೋಗಿ ಸುಣ್ಣದ ಬಿಳಿ ಹರಳು ಮೇಲೆ ಎದ್ದಿದ್ದವು. ಅಲ್ಲಿ ಕಡಲೆ ಗೇಣುದ್ದಕ್ಕೂ ಏಳುತ್ತಿರಲಿಲ್ಲ. ಬದುವಿನ ಈಚೆ, ನಮ್ಮ ಹೊಲದಲ್ಲಿ, ಗುದ್ದಲಿಯಿಂದ ಒಂದು ಗುಂಡಿ ತೆಗೆದು ತೋರಿಸಿದೆ: ಮೇಲೆ ನಯವಾದ ಹೊಸ ಎರೆ ಒಂದು ಚೋಟುದ್ದ ಬೇರೆಯಾಗಿಯೇ ಕಾಣುತ್ತಿತ್ತು. "ಅಣ್ಣಾ, ಇದು ನಿಮ್ಮ ಮಣ್ಣು. ನನಗೆ ಪುಕ್ಕಟೆ ಬರುತ್ತಿದೆ, ಬೇಡವೆನ್ನುವುದಿಲ್ಲ" ಎಂದೆ. ಅವರು ಹಿಡಿ ಮಣ್ಣು ಎತ್ತಿ ಹಿಸುಕಿ ನೋಡಿದರು, ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು, ಹೆಚ್ಚಾದ ನೀರು ಹೊರಹೋಗುವ ಕೋಡಿಯನ್ನು ತಮ್ಮ ಬಾವಿ ದಾರಿಯ ಕಡೆಯಿಂದ ತಪ್ಪಿಸಿ ಹಳೆಯ ಚಕ್ಕಡಿ ದಾರಿಗೆ ಕೊಡುವುದಾದರೆ ಸರಿ ಎಂದು ಹೇಳಿಕಳುಹಿಸಿದರು. ಎಂಜಿನಿಯರ್ ಒಪ್ಪಿದರು. ನಿಜಕ್ಕೂ ಆ ಜಾಗವೇ ಮೇಲಾಗಿತ್ತು.

ಎರೆ ಭೂಮಿಯವರಿಗೆ ಇದು ಮುಖ್ಯ. ಮಸಾರಿಯಲ್ಲಿ (ಕೆಂಪು ಮಣ್ಣಿನಲ್ಲಿ) ನೀರನ್ನು ಒಡ್ಡಿನ ಹಿಂದೆ ನಿಲ್ಲಿಸಬಹುದು, ಇಂಗುತ್ತದೆ. ಎರೆಯಲ್ಲಿ ನಿಂತರೆ ಬೆಳೆ ಕೊಳೆಯುತ್ತದೆ, ಬೇಸಿಗೆಯ ಬಿರುಕುಗಳಲ್ಲಿ ನೀರು ನುಗ್ಗಿ ಒಡ್ಡನ್ನೇ ಸೀಳುತ್ತದೆ. ಆದ್ದರಿಂದ ಒಡ್ಡಿಗೆ ತುಸು ವಾಟ (ಇಳಿಜಾರು) ಕೊಟ್ಟು ನೀರನ್ನು ನಿಧಾನವಾಗಿ ಕೋಡಿಗೆ ನಡೆಸಬೇಕು. ಕೋಡಿಗೆ ಕಲ್ಲು ಜೋಡಿಸದೆ ಬಿಟ್ಟ ಒಡ್ಡು ಒಡ್ಡಲ್ಲ. ಕ್ರಿಯಾ ಯೋಜನೆಯ ಅಂದಾಜಿನಲ್ಲಿ ಕಲ್ಲಿನ ಕೋಡಿ ಸೇರಿದೆಯೇ ಎಂದು ಸರ್ವೆ ದಿನವೇ ಕೇಳಿ.

ಹೊಂಡದ ಸರದಿ ನಾವು ಬಯಸದ ಹೊತ್ತಿಗೆ ಬಂತು. ಒಡ್ಡು ಮುಗಿದು ನೀರಿನ ದಾರಿ ತಿಳಿದ ಮೇಲೆ ಹೊಂಡ ತೋಡುವುದು ಬುದ್ಧಿವಂತಿಕೆ. ಆದರೆ ಫೆಬ್ರುವರಿ ಕೊನೆಗೆ ಕಾರ್ಯಾದೇಶ ಕೊಟ್ಟು, ಮಾರ್ಚ್ 31ರೊಳಗೆ ಮುಗಿಸಿ ಬಿಲ್ ಕೊಡಿ, ಇಲ್ಲವಾದರೆ ಹಣ ವಾಪಸ್ಸು ಎಂದರು. ಜಿಲ್ಲೆಯ ಹೊಂಡಗಳೆಲ್ಲ ಆ ಒಂದೇ ತಿಂಗಳಲ್ಲಿ. ಜೆಸಿಬಿಯವರು ಕೇಳಿದ್ದೇ ಬಾಡಿಗೆ. ಮೊದಲು ನಾವು ಖರ್ಚು ಮಾಡಬೇಕು, ಆಮೇಲೆ ಸಹಾಯಧನ. ಸ್ತ್ರೀಶಕ್ತಿ ಸಂಘದ ಸಾಲ, ಉಳಿದದ್ದು ನನ್ನ ಕಿವಿಯೋಲೆ.

ನಾವು ಆರಿಸಿಕೊಂಡದ್ದು 12 ಮೀಟರ್ ಉದ್ದ, 12 ಅಗಲ, 3 ಆಳದ ಅಳತೆ. ಗೋಡೆಯನ್ನು ಒಂದಕ್ಕೊಂದು ಇಳಿಜಾರಿನಲ್ಲಿ ಕಡಿದರೆ 252 ಘನ ಮೀಟರ್, ಎಂದರೆ ಎರಡೂವರೆ ಲಕ್ಷ ಲೀಟರ್ ಹಿಡಿಯುತ್ತದೆ. ಎರೆ ಮಣ್ಣು ಜರಿಯುತ್ತದೆಂದು ನಮಗೆ ಇಳಿಜಾರು ಹೆಚ್ಚಿಸಿ ಒಂದೂವರೆ ಮಾಡಿದರು. ತಳ ಮೂರು ಮೀಟರ್‌ಗೆ ಇಳಿದು ಹಿಡಿಯುವ ನೀರು 189 ಘನ ಮೀಟರ್ ಆಯಿತು. ಒಂದು ಎಕರೆ ಕಡಲೆಗೆ ಒಂದು ಸಲ ಹದವಾಗಿ ನೀರುಣಿಸಲು ಇಷ್ಟು ಸಾಕಾಗಬಹುದು. ಹೊಂಡವಾದರೆ ಎರಡನೆಯ ಬೆಳೆಯೂ ತರಕಾರಿಯೂ ಎಂದು ಭಾಷಣಗಳಲ್ಲಿ ಕೇಳಿದವರು ಈ ಲೆಕ್ಕವನ್ನು ಒಮ್ಮೆ ಕೈಯಲ್ಲಿ ಮಾಡಿ ನೋಡಲಿ. ಹೂ ಬಿಡುವಾಗ ಮಳೆ ಕೈಕೊಟ್ಟರೆ ಒಂದು ಎಕರೆಯನ್ನು ಉಳಿಸಿಕೊಳ್ಳಬಹುದು, ಅಷ್ಟೇ. ನನಗೆ ಅಷ್ಟೇ ಬೇಕಾಗಿತ್ತು. ನಮ್ಮದು ಅಂಟು ಎರೆಯಾದ್ದರಿಂದ ತಾಡಪತ್ರಿ ಹಾಸುವ ಪ್ರಮೇಯ ಬರಲಿಲ್ಲ. ನೀರು ಒಳಬರುವ ಬಾಯಿಯ ಮುಂದೆ ಹೂಳು ನಿಲ್ಲಲು ಒಂದು ಸಣ್ಣ ಗುಂಡಿಯನ್ನು ಹಟ ಹಿಡಿದು ಮಾಡಿಸಿದೆ. ತಳದಿಂದ ಬಂದ ಹಳದಿ ಗರಸು ಮಣ್ಣನ್ನು ಹೊಲದ ಮೇಲೆ ಹರಡಲು ಬಿಡಬೇಡಿ. ಅದು ಬಿದ್ದ ಕಡೆ ವರ್ಷಗಟ್ಟಲೆ ಏನೂ ಬೆಳೆಯುವುದಿಲ್ಲ.

ಏಪ್ರಿಲ್‌ನಲ್ಲಿ ಒಡ್ಡಿನ ಕೆಲಸ ಶುರು. ನಮೂನೆ 6ರಲ್ಲಿ ಕೆಲಸ ಬೇಡಿ ಅರ್ಜಿ ಕೊಡಬೇಕು, ಸ್ವೀಕೃತಿ ಇಟ್ಟುಕೊಳ್ಳಬೇಕು. 2025-26ಕ್ಕೆ ನಮ್ಮ ರಾಜ್ಯದ ದಿನಗೂಲಿ 370 ರೂಪಾಯಿ ಇತ್ತು, ಕುಟುಂಬಕ್ಕೆ ವರ್ಷಕ್ಕೆ ನೂರು ದಿನ ಕೆಲಸವಿತ್ತು. ಯಂತ್ರ ಬಳಸುವಂತಿಲ್ಲ. ಕಾಯಕ ಬಂಧು (ಕೂಲಿಕಾರರ ಹಾಜರಾತಿ ಹಿಡಿಯುವಾಕೆ) ಬೆಳಿಗ್ಗೆ ಒಂದು, ಆಮೇಲೆ ಒಂದು ಹಾಜರಾತಿ ಫೋಟೊ ಏರಿಸಬೇಕು. ನಮ್ಮ ಹೊಲದಲ್ಲಿ ನೆಟ್‌ವರ್ಕ್ ಸಿಗುವುದು ದಿಬ್ಬದ ಬೇವಿನ ಗಿಡದ ಹತ್ತಿರ ಮಾತ್ರ. ಅವಳು ಮೊಬೈಲ್ ಎತ್ತಿ ಹಿಡಿದು ಗಿಡದ ಸುತ್ತ ತಿರುಗುತ್ತಿದ್ದರೆ ಹೆಂಗಸರು ಪ್ರದಕ್ಷಿಣೆ ಎಂದು ನಗುತ್ತಿದ್ದರು. ಆದರೆ ಫೋಟೊ ಏರದ ದಿನದ ಕೂಲಿ ಹೋದರೆ ಯಾರಿಗೂ ನಗು ಬಾರದು.

ಆರು ಗಂಟೆಗೇ ಬರುತ್ತಿದ್ದರು. ಬಿಸಿಲೇರುವ ಮೊದಲು ಅಗೆತ, ಬುತ್ತಿ, ಮತ್ತೆ ಅಗೆತ. ನೆಲದ ಬಿರುಕಿನಲ್ಲಿ ಕೈ ಇಳಿಸಿದರೆ ಮೊಣಕೈವರೆಗೆ ಹೋಗುತ್ತಿತ್ತು. ಅದರ ಮೇಲೆ ಹಾಗೆಯೇ ಮಣ್ಣು ಸುರಿದರೆ ಒಡ್ಡಿನ ಅಡಿಯಲ್ಲಿ ಪೊಳ್ಳು ಉಳಿಯುತ್ತದೆ, ನೀರು ಅಲ್ಲಿಂದಲೇ ತೂರುತ್ತದೆ. ಒಡ್ಡು ಕೂರುವ ಪಟ್ಟಿಯನ್ನು ಮೊದಲು ಕೆರೆದು, ಕಸಬೇರು ಆರಿಸಿ, ಪುಡಿಮಣ್ಣಿನಿಂದ ಬಿರುಕು ತುಂಬಬೇಕು. ಆ ಕೆಲಸ ಅಳತೆ ಪುಸ್ತಕದಲ್ಲಿ ಕಾಣುವುದಿಲ್ಲ, ಕೂಲಿ ಬರುವುದು ತೋಡಿದ ಗುಂಡಿಯ ಅಳತೆಗೆ. ಹಾಗಾಗಿ ಯಾರಿಗೂ ಮನಸ್ಸಿಲ್ಲ. ನಾನೂ ಅತ್ತೆಯೂ ಸಲಿಕೆ ಹಿಡಿದು ಮುಂದೆ ಮುಂದೆ ಬಿರುಕು ತುಂಬುತ್ತ ಹೋದೆವು. ಎಪ್ಪತ್ತು ದಾಟಿದ ಅತ್ತೆ ಬಗ್ಗಿದ್ದನ್ನು ನೋಡಿ ಉಳಿದವರೂ ಕೈಹಾಕಿದರು. ಹೊಲದ ಯಜಮಾನರು ಈ ಹೊತ್ತಿನಲ್ಲಿ ಹೊಲದಲ್ಲೇ ಇರಬೇಕು. ಬೆಲ್ಲ, ನೀರು, ಮಜ್ಜಿಗೆ ಇಟ್ಟುಕೊಂಡಿದ್ದರೆ ಅರ್ಧ ಕೆಲಸ ಮಾತಿನಲ್ಲೇ ಆಗುತ್ತದೆ.

ಮೇ ತಿಂಗಳಲ್ಲಿ ಮಳೆ ಹಿಡಿಯಿತು. 2025ರ ಮೇ ಮಳೆಯನ್ನು ಯಾರೂ ಮರೆತಿರಲಾರರು. ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತ್ತು. ಹಸಿ ಎರೆ ಗುದ್ದಲಿಗೆ ಅಂಟಿ ಬಿಡುವುದಿಲ್ಲ, ಕಾಲಿಗೆ ಮೆತ್ತಿ ಒಂದೊಂದು ಹೆಜ್ಜೆಯೂ ಭಾರ. ಕೆಲಸ ನಿಂತಿತು. ಹಾಜರಾತಿ ಪಟ್ಟಿಯ ಅವಧಿ ಮುಗಿದು ಹೊಸದು ತೆಗೆಸಬೇಕಾಯಿತು. ನಡುವೆ ಒಣಗಿದ ದಿನಗಳಲ್ಲಿ ಉಳಿದದ್ದನ್ನು ಮುಗಿಸಿದರೂ ಹಳ್ಳದ ಪಕ್ಕದ ಎರಡು ಹೊಲಗಳು ಇಂದಿಗೂ ಬಾಕಿ. ಮಳೆ ಬೇಗ ಬಂದದ್ದಕ್ಕೆ ಊರೆಲ್ಲ ಖುಷಿಪಡುವಾಗ ನಾನೊಬ್ಬಳು ಮೋಡ ನೋಡಿ ಬೈಯುತ್ತಿದ್ದೆ.

ಕೂಲಿಯ ಕಥೆ. ಹದಿನೈದು ದಿನದೊಳಗೆ ಕೊಡಬೇಕೆಂದು ಕಾಯ್ದೆ. ಬಂದದ್ದು ಹೆಸರು ಬಿತ್ತನೆಯಾಗಿ ಬಹಳ ದಿನಗಳಾದ ಮೇಲೆ. ಕೆಲವರಿಗೆ ಬಂದಿದ್ದರೂ ಕಾಣಲಿಲ್ಲ: ಹಣ ಹೋಗುವುದು ಉದ್ಯೋಗ ಚೀಟಿಯಲ್ಲಿ ಬರೆದ ಖಾತೆಗಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಒಬ್ಬಾಕೆಯ ಕೂಲಿ ಎಂದೋ ಸಿಲಿಂಡರ್‌ಗಾಗಿ ತೆರೆದು ಮರೆತ ಖಾತೆಯಲ್ಲಿ ಕೂತಿತ್ತು. ಕೆಲಸಕ್ಕೆ ಹೋಗುವ ಮೊದಲೇ ಬ್ಯಾಂಕಿನಲ್ಲಿ ಇದನ್ನು ವಿಚಾರಿಸಿಕೊಳ್ಳಿ.

ಆಗಸ್ಟ್ ಮಳೆಗೆ ಒಡ್ಡು ಪರೀಕ್ಷೆಗೆ ಕೂತಿತು. ಹೆಸರು ಬಿಡಿಸುವ ಹೊತ್ತಿಗೇ ಸುರಿದು ಕಾಯಿ ಗಿಡದಲ್ಲೇ ಮೊಳೆತು ನಷ್ಟವಾಯಿತು, ಅದಕ್ಕೆ ಒಡ್ಡೇನು ಮಾಡೀತು? ಆದರೆ ನೀರು ಕೋಡಿಯಿಂದ ಇಳಿದದ್ದು ಮೊದಲಿನಂತೆ ಕೆಸರಾಗಿರಲಿಲ್ಲ. ಒಂದು ಕಡೆ, ಟ್ರ್ಯಾಕ್ಟರ್ ದಾಟಲು ಯಾರೋ ತಗ್ಗು ಮಾಡಿದ್ದಲ್ಲಿ, ಒಡೆಯಿತು. ಮೇಲಿನ ಹೊಲದ ಅಣ್ಣ ನನಗಿಂತ ಮೊದಲೇ ಬಂದು ಗೋಣಿಚೀಲ ಜೋಡಿಸಿದ್ದರು. ಒಡ್ಡಿನ ಮೇಲೆ ತೊಗರಿ ಹಾಕಿದ್ದೇವೆ; ಕೆಳಬದಿಗೆ ಲಾವಂಚದ ಸಸಿಗಳನ್ನು ನೆಡಬೇಕೆಂದಿದ್ದೇನೆ.

ಖರ್ಚು ಕೇಳುತ್ತೀರಿ. ಒಡ್ಡಿಗೆ ನನ್ನ ಕೈಯಿಂದ ಹೋದದ್ದು ಮಜ್ಜಿಗೆ, ಝೆರಾಕ್ಸು, ಬಸ್ಸು. ಬದಲಿಗೆ ನಮ್ಮ ಮನೆಯ ಇಬ್ಬರ ಕೂಲಿ ಬಂತು. ಪೌತಿಗೆ ಛಾಪಾ ಕಾಗದ, ನೋಟರಿ, ಹುಬ್ಬಳ್ಳಿ ಓಡಾಟ ಸೇರಿ ಕೆಲವು ಸಾವಿರ. ಭಾರ ಬಿದ್ದದ್ದು ಹೊಂಡ ಮತ್ತು ಬೇಲಿಯದು. ಹೊಂಡದ ಸಹಾಯಧನ ದೀಪಾವಳಿಗೆ ಸ್ವಲ್ಪ ಮೊದಲು ಜಮೆಯಾಯಿತು, ಸಂಘದ ಸಾಲ ತೀರಿತು. ಓಲೆ ಬಿಡಿಸಿಕೊಳ್ಳಲು ಬೇಲಿಯ ಹಣ ಬರಬೇಕು. ಅದರ ಕಡತ ಜಿಪಿಎಸ್ ಫೋಟೊದಲ್ಲಿ ಹೊಂಡದ ನಾಲ್ಕೂ ಮೂಲೆ ಕಾಣುತ್ತಿಲ್ಲವೆಂದು ಹಿಂದಿರುಗಿದೆ. ಕಡಲೆಗೆ ಎಡೆ ಹೊಡೆಯುವುದು ಮುಗಿದ ಕೂಡಲೇ ಮತ್ತೊಮ್ಮೆ ತೆಗೆಸಿ ಕೊಡಬೇಕು.